ಆಡವೀ ಬಾಟ್ಲಿಯನ್ನು ಎತ್ತಿ ನಿಲ್ಲಿಸಲು ಹೊರಟ ಸಾಹೇಬರಿಗೆ

ಮಾನ್ಯ ಮತದಾನ ಅಧಿಕಾರಿಗಳೇ,

ನಮ್ಮ ಓಣಿಯ ದಾರು ಅಂಗಡಿ ಇರಬೇಕೋ ಮುಚ್ಚಬೇಕೋ ಎಂದು ಎರಡು ತಿಂಗಳ ಹಿಂದೆ ನೀವು ಹೆಂಗಸರಿಂದ ಮತ ಹಾಕಿಸಿದಿರಿ. ಮುಚ್ಚಬೇಕು ಎಂದು ನಾವು ಹೇಳಿ ಆಯಿತು. ಈಗ ಅದೇ ಮತದಾನವನ್ನು ಮತ್ತೊಮ್ಮೆ ನಡೆಸುವ ವಿಚಾರ ನಿಮಗಿದೆಯಂತೆ. ಒಂದು ಮಾತು ಕೇಳುತ್ತೇನೆ. ಅಂಗಡಿಯವನು ಗೆದ್ದಿದ್ದರೆ ನಿಮಗೆ ಈ ವಿಚಾರ ಬರುತ್ತಿತ್ತಾ?

ಇಚಲಕರಂಜಿಯಲ್ಲಿ ಕೂತು ಕನ್ನಡದಲ್ಲಿ ಯಾಕೆ ಬರೆಯುತ್ತೀ ಎಂದು ಕೇಳಬೇಡಿ. ಕನ್ನಡ ಶಾಲೆಯಲ್ಲಿ ಎಂಟನೆಯವರೆಗೆ ಕಲಿತೆ, ಬಿಟ್ಟೆ, ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುವ ಕೆಲಸಕ್ಕೆ ಹೋದೆ. ನನಗೆ ಬರೆಯಲು ಬರುವುದು ಇಷ್ಟೇ. ನಿಮಗೆ ಓದಲು ಬರದಿದ್ದರೆ ಯಾರನ್ನಾದರೂ ಕರೆದು ಓದಿಸಿಕೊಳ್ಳಿ. ನಿಮ್ಮ ಮರಾಠಿ ನೋಟೀಸು ಬಂದಾಗ ನಮ್ಮ ಓಣಿಯ ಹೆಂಗಸರು ಹಾಗೇ ಓದಿಸಿಕೊಂಡರು. ಅವರಿಗೇನೂ ಅವಮಾನವಾಗಲಿಲ್ಲ.

ಈ ಪತ್ರವನ್ನು ಪೇಪರಿಗೂ ಕಳಿಸುತ್ತಿದ್ದೇನೆ, ಓದುವವರಿಗೆ ವಿಷಯ ಗೊತ್ತಾಗಲಿ ಎಂದು ಹೇಳುತ್ತೇನೆ. ಈ ಮತದಾನದಲ್ಲಿ ಗಂಡಸರಿಗೆ ಮತವಿಲ್ಲ. ಚೀಟಿಯ ಮೇಲೆ ಎರಡು ಚಿತ್ರ ಇರುತ್ತವೆ. ಒಂದು ನಿಂತ ಬಾಟ್ಲಿ, ಮರಾಠಿಯಲ್ಲಿ ‘ಉಭೀ ಬಾಟ್ಲಿ’. ಅದಕ್ಕೆ ಶಿಕ್ಕಾ ಒತ್ತಿದರೆ ಅಂಗಡಿ ಇರಲಿ ಎಂದರ್ಥ. ಇನ್ನೊಂದು ಮಲಗಿದ ಬಾಟ್ಲಿ, ‘ಆಡವೀ ಬಾಟ್ಲಿ’. ಅಂಗಡಿ ಮುಚ್ಚಲಿ ಎಂದರ್ಥ. ‘ಆಡವೀ’ ಎಂದಾಗ ನಮ್ಮ ಹೆಂಗಸರು ನಕ್ಕಿದ್ದು ನಿಜ. “ಅಡವಿ ಬಾಟ್ಲಿ ಅಂದ್ರ ಏನವಾ, ಇನ್ನ ಮ್ಯಾಲ ಗಂಡಸರು ಕಾಡಿಗೆ ಹೋಗಿ ಕುಡೀಬೇಕೇನ?” ಎಂದು ನೀರಿನ ನಳದ ಹತ್ತಿರ ಎರಡು ದಿನ ಅದೇ ಚೇಷ್ಟೆ ನಡೆಯಿತು. ನಕ್ಕರು ಎಂದ ಮಾತ್ರಕ್ಕೆ ತಿಳಿಯಲಿಲ್ಲ ಎಂದಲ್ಲ. ನಾನೇ ಒಂದು ಖಾಲಿ ಬಾಟ್ಲಿ ಹಿಡಿದು ಮನೆ ಮನೆಗೆ ಹೋಗಿ, ನಿಲ್ಲಿಸಿ, ಮಲಗಿಸಿ ತೋರಿಸಿದ್ದೆ. ಪಟ್ಟಿಯಲ್ಲಿದ್ದ ಹೆಂಗಸರ ಅರ್ಧಕ್ಕಿಂತ ನಲವತ್ತೊಂದು ಮತ ಹೆಚ್ಚು ಬಿದ್ದು ಬಾಟ್ಲಿ ಮಲಗಿತು. ನೀವೇ ಎಣಿಸಿ, ನೀವೇ ಸಹಿ ಮಾಡಿ, ಅಂಗಡಿಗೆ ನೀವೇ ಸೀಲು ಹಾಕಿದಿರಿ.

ಹನ್ನೊಂದು ದಿನಕ್ಕೆ ಸೀಲು ಒಡೆಯಿತು. ಯಾಕೆ? ಇಡೀ ವಾರ್ಡಿನ ಇನ್ನೂರ ಹನ್ನೆರಡು ಹೆಂಗಸರು ನಿಮಗೆ ಅರ್ಜಿ ಕೊಟ್ಟರಂತೆ. ‘ನಾವು ಕನ್ನಡ ಭಾಷಿಕರು, ಗುರುತು ತಿಳಿಯದೆ ಗೊಂದಲದಲ್ಲಿ ಮತ ಹಾಕಿದ್ದೇವೆ, ಮತದಾನ ಮತ್ತೆ ನಡೆಸಬೇಕು’ ಎಂದು. ನಮ್ಮ ಗೊಂದಲದ ಬಗ್ಗೆ ನಿಮಗೆಷ್ಟು ಕಾಳಜಿ! ರೇಶನ್ ಅಂಗಡಿಯಲ್ಲಿ ಬೋರ್ಡು ತಿಳಿಯದೆ ನಿಂತಾಗ ಈ ಕಾಳಜಿ ಎಲ್ಲಿತ್ತು? ದವಾಖಾನೆಯಲ್ಲಿ ಚೀಟಿ ಹಿಡಿದು ತಪ್ಪು ಬಾಗಿಲಿಗೆ ಹೋದಾಗ ಎಲ್ಲಿತ್ತು? ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನಮಗೆ ಮರಾಠಿ ತಿಳಿಯುವುದಿಲ್ಲ ಎಂದು ಸರಕಾರಕ್ಕೆ ನೆನಪಾಯಿತು. ಅದೂ ದಾರು ಅಂಗಡಿಯ ಬಾಗಿಲಲ್ಲಿ.

ಹೋದ ವಾರ ಆ ಅರ್ಜಿಯ ನಕಲು ಇಟ್ಟು ನೀವು ನಮ್ಮ ಮನೆಗೂ ನೋಟೀಸು ಕಳಿಸಿದಿರಿ. ನನ್ನ ಅವ್ವ ಮಲಕವ್ವನ ಹೆಸರು ಅದರಲ್ಲಿತ್ತು. ಹೆಸರಿನ ಮುಂದೆ ಅವಳ ಹೆಬ್ಬೆಟ್ಟು.

“ಯವ್ವಾ, ಅರ್ಜಿ ಯಾವಾಗ ಕೊಟ್ಟಿ?” ಎಂದೆ.

“ನಾ ಎಲ್ಲಿ ಕೊಟ್ಟೇನಿ? ಆ ಯುವರಾಜ ಬಂದಿದ್ನಲ್ಲ, ಕಾಮಗಾರ ಕಾರ್ಡ ಮಾಡಸ್ತೇನಿ ಮಾವಶಿ, ಭಾಂಡೆ ಸಿಗ್ತಾವ ಅಂತ. ಅದಕ್ಕ ಒತ್ತೇನಿ.”

ಯುವರಾಜ ಎಂದರೆ ದಾರು ಅಂಗಡಿಯ ಗಲ್ಲೆಯ ಮೇಲೆ ಕೂತು ಹಣ ಎಣಿಸುವವನು. ಕಾಮಗಾರ ಕಾರ್ಡು ಎಂದರೆ ಕೂಲಿಯವರಿಗೆ ಸರಕಾರ ಪಾತ್ರೆಪಗಡಿ ಕೊಡುವ ಕಾರ್ಡು.

“ಭಾಂಡೆ ಬಂದಾವೇನ?”

“ಇನ್ನ ಇಲ್ಲ. ಬರ್ತಾವೇನ?”

ಈ ಓಣಿಯಲ್ಲಿ ನೋಟೀಸು ಬಂದದ್ದು ಹತ್ತೊಂಬತ್ತು ಹೆಂಗಸರಿಗೆ. ಎಲ್ಲರನ್ನೂ ಕೇಳಿದೆ. ಹದಿನಾರು ಜನ ಕಾರ್ಡಿಗೆ ಎಂದು ಒತ್ತಿದವರು. ಮೂವರು ತಿಳಿದೇ ಒತ್ತಿದ್ದಾರೆ, ಅದನ್ನೂ ಮುಚ್ಚಿಡುವುದಿಲ್ಲ.

ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಅವತ್ತು ಸುಮ್ಮನೆ ಕೇಳಿದೆ, “ಯವ್ವಾ, ನೀ ವೋಟ ಯಾವದಕ್ಕ ಹಾಕಿದ್ದಿ?”

“ನಿಂತದ್ದಕ್ಕ.”

“ಅಯ್ಯ! ಅಂಗಡಿ ಇರ್ಲಿ ಅಂತೇನ?”

“ಹುಚ್ಚಿ, ಮುಚ್ಚಲಿ ಅಂತ! ನಿಮ್ಮಪ್ಪ ಕುಡದ ಮ್ಯಾಲ ಬಾಟ್ಲಿ ಹೆಂಗಿರತೈತಿ? ಉಳ್ಳಿ ಬಿದ್ದಿರತೈತಿಲ್ಲ? ಬಿದ್ದದ್ದು ಅಂದ್ರ ಕುಡದದ್ದು. ನಿಂತದ್ದು ಅಂದ್ರ ಇನ್ನ ಬಾಯಿಗೆ ಹಚ್ಚಲಾರದ್ದು. ನಾ ಯಾಕ ಬಿದ್ದದ್ದಕ್ಕ ವೋಟ ಹಾಕ್ಲಿ?”

ಇಡೀ ಓಣಿಗೆ ಬಾಟ್ಲಿ ಮಲಗಿಸಿ ತೋರಿಸಿದ ನಾನು ನಮ್ಮ ಮನೆಯಲ್ಲಿ ತೋರಿಸಿರಲಿಲ್ಲ. ಅಪ್ಪ ಇದ್ದ. ಅವನ ಮುಂದೆ ಆ ಬಾಟ್ಲಿ ತೆಗೆಯುವ ಧೈರ್ಯ ನನಗಿರಲಿಲ್ಲ.

ಹೌದು ಸಾಹೇಬರೇ, ನಿಮ್ಮ ಮಾತು ಅಷ್ಟರಮಟ್ಟಿಗೆ ನಿಜ. ನನ್ನ ಅವ್ವ ತಪ್ಪಿದಳು. ಅವಳ ಲೆಕ್ಕದಲ್ಲಿ ಏನು ದೋಷವಿದೆ ಎಂದು ನನಗಿನ್ನೂ ತಿಳಿದಿಲ್ಲ, ದೋಷ ಚಿತ್ರ ಬಿಡಿಸಿದವನದು. ಆದರೆ ತಪ್ಪಿದ ಮತ ಹೋಗಿದ್ದು ಯಾರಿಗೆ? ಅಂಗಡಿಯವನಿಗೆ. ನಮ್ಮವರ ಗೊಂದಲವನ್ನೆಲ್ಲ ಜೇಬಿಗೆ ಹಾಕಿಕೊಂಡೂ ಅವನು ಸೋತ.

ಹಾಗಾದರೆ ಮತ್ತೆ ನಡೆಸಲು ನಿನಗೇನು ಭಯ, ಇನ್ನೂ ಹೆಚ್ಚು ಮತ ಬೀಳುತ್ತವಲ್ಲ ಎನ್ನುತ್ತೀರಿ. ಭಯವಿದೆ. ಮೊದಲ ಸಲ ನೀವು ರಟ್ಟಿನ ಮರೆ ಕಟ್ಟಿದಿರಿ. ಯಾರೂ ಇಣುಕಬಾರದು, ಯಾರಿಗೂ ಹೇಳಬಾರದು ಎಂದು ಜೋರು ಮಾಡಿದಿರಿ. ಈಗ ಅದೇ ಹೆಂಗಸರು ಬರುವ ಸೋಮವಾರ ಹನ್ನೊಂದು ಗಂಟೆಗೆ ಸಮಾಜಮಂದಿರಕ್ಕೆ ಬಂದು ಯಾವುದಕ್ಕೆ ಮತ ಹಾಕಿದ್ದೆವು, ಯಾಕೆ ಹಾಕಿದ್ದೆವು ಎಂದು ಎಲ್ಲರೆದುರು ಹೇಳಬೇಕಂತೆ. ಅಂಗಡಿಯವನೂ ‘ಸಂಬಂಧಪಟ್ಟ ಪಕ್ಷಗಾರ’ ಎಂದು ಅಲ್ಲೇ ಕೂರುತ್ತಾನಂತೆ. ಹೆಬ್ಬೆಟ್ಟು ಒತ್ತಿದ್ದು ಈ ಅರ್ಜಿಗಲ್ಲ ಎಂದು ಅವ್ವ ಹೇಳಬೇಕಾದರೆ, ಗಂಡ ಕುಡಿಯುವ ಅಂಗಡಿ ಮುಚ್ಚಬೇಕೆಂದಿದ್ದೆ ಎಂದು ಊರ ಮುಂದೆ ಹೇಳಬೇಕು. ಬಾಯಿ ಮುಚ್ಚಿದರೆ ಅರ್ಜಿ ನಿಜವಾಗುತ್ತದೆ. ಇದು ವಿಚಾರಣೆಯೋ, ಯಾರು ಯಾರ ಕಡೆ ಎಂದು ಪಟ್ಟಿ ಮಾಡುವ ಉಪಾಯವೋ? ಪಟ್ಟಿ ಆದಮೇಲೆ ಮತದಾನ ಇಟ್ಟರೆ ಎಷ್ಟು ಜನ ಬರುತ್ತಾರೆ? ಮನೆಯಲ್ಲಿ ಕೂತ ಹೆಂಗಸಿನ ಮತವೂ ಅಂಗಡಿಯವನಿಗೇ ಬಿದ್ದಂತೆ, ಪಟ್ಟಿಯ ಅರ್ಧ ದಾಟಬೇಕೆಂಬುದು ನಿಮ್ಮದೇ ನಿಯಮ. ಇದು ನಿಮಗೆ ಹೊಳೆದಿಲ್ಲ ಎಂದು ನಾನು ನಂಬಬೇಕೇ?

ಅಂಗಡಿ ಮುಂದೆ ಉಸುಳಿ, ಮೊಟ್ಟೆ ಮಾರುವ ಶುಭಾಂಗಿ ಅಕ್ಕ ಎದೆ ತಟ್ಟಿ ನಿಂತ ಬಾಟ್ಲಿಗೆ ಮತ ಹಾಕಿದವಳು. ಅಂಗಡಿ ಮುಚ್ಚಿದರೆ ಅವಳ ಗಾಡಿಯೂ ಮುಚ್ಚಿತು. ನನ್ನ ಜೊತೆ ಇವತ್ತಿಗೂ ನೆಟ್ಟಗೆ ಮಾತಾಡುವುದಿಲ್ಲ. ಯುವರಾಜ ಅವಳ ಹತ್ತಿರವೂ ಕಾಗದ ತಂದಿದ್ದ. “ನಡೀ ಅತ್ತಾಗ,” ಅಂದಳಂತೆ. “ನಾ ತಿಳದ ಹಾಕೇನಿ, ಸೋತೇನಿ. ತಿಳೀಲಿಲ್ಲಂತ ಬರದ ಕೊಡಾಕ ನಾ ಏನ ಹುಚ್ಚಿ ಅದೇನಿ? ನಾಳೆ ನಾ ಗೆದ್ರ ಈ ರೂಪಿನೂ ಇಂಥಾದ ಒಂದ ಕಾಗದ ತರ್ತಾಳ.” ರೂಪಿ ಎಂದರೆ ನಾನು. ಸೋತವಳಿಗೆ ತಿಳಿದದ್ದು ಎಣಿಸಿದವರಿಗೆ ತಿಳಿಯಲಿಲ್ಲವೇ?

ಅಂಗಡಿ ಮುಚ್ಚಿದರೆ ಗಂಡಸರು ಬೇರೆ ಕಡೆ ಹೋಗುತ್ತಾರೆ ಎಂಬ ಮಾತನ್ನೂ ಕೇಳಿ ಸಾಕಾಗಿದೆ. ಹನ್ನೊಂದು ದಿನ ನಮ್ಮ ಮನೆಯಲ್ಲಿ ಏನಾಯಿತು ಎಂದು ಹೇಳುತ್ತೇನೆ. ಅಪ್ಪ ಮೂರು ದಿನ ಹೈವೇ ದಾಟಿ ಹೋದ. ಹನ್ನೆರಡು ತಾಸು ಮಗ್ಗದ ಮುಂದೆ ನಿಂತವನು, ನಾಲ್ಕನೇ ದಿನ ಕಾಲು ನೋವು ಎಂದು ಮನೆಗೇ ಬಂದ. ದೇವರಾದ ಎಂದು ತಿಳಿಯಬೇಡಿ. ಅನ್ನ ಮೆತ್ತಗಾಯಿತು ಎಂದು ಬೈದ, ಟೀವಿಯನ್ನು ಬೈದ, ನಿಮ್ಮನ್ನೂ ಬೈದ. ಒಂಬತ್ತನೇ ದಿನ ಊಟಕ್ಕೆ ಕೂತವನು ನನ್ನ ಮುಖ ನೋಡಿ ಕೇಳಿದ:

“ಏ ರೂಪಿ, ಈಗ ಎಷ್ಟನೇ ಇಯತ್ತೆ ನೀ?”

ನಾನು ಶಾಲೆ ಬಿಟ್ಟು ಏಳು ವರ್ಷವಾಗಿತ್ತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಬಿಟ್ಟೇನಿ,” ಎಂದೆ. “ಯಾವಾಗ?” ಎಂದ. ಹೇಳಿದೆ. ಅವನು ಊಟ ಪೂರ್ತಿ ಮಾಡಲಿಲ್ಲ. ಮರುದಿನ ಮತ್ತು ಅದರ ಮರುದಿನ ಶೆಡ್ಡಿನಿಂದ ಬಂದವನೇ ನನ್ನನ್ನು ಕರೆದು ಏನಾದರೊಂದು ಕೇಳಿದ. ಯಾವ ಮಾಸ್ತರು, ಯಾವ ವಿಷಯ ಸೇರುತ್ತಿತ್ತು ಎಂದು. ಹನ್ನೆರಡನೇ ದಿನ ನೀವು ಸೀಲು ತೆಗೆದಿರಿ. ಅವತ್ತಿನಿಂದ ಅವನು ಏನೂ ಕೇಳಿಲ್ಲ.

ಕೆಲಸ ಬಿಟ್ಟು ಕೊಲ್ಲಾಪುರದ ಜಿಲ್ಲಾ ಕಚೇರಿಗೂ ಹೋಗಿ ಬಂದೆ. ಮೇಜಿನ ಹಿಂದಿನವರು ತಲೆಯೆತ್ತದೆ “ಪ್ರಕರಣ ವಿಚಾರಾಧೀನ ಆಹೇ” ಎಂದರು. “ಅಲ್ಲೀತನಕಾ ಅಂಗಡಿ ಯಾಕ ತೆರದೈತ್ರಿ?” ಎಂದೆ. ಅದೂ ವಿಚಾರಾಧೀನವಂತೆ. ಮತ ಹಾಕಿದವರ ಮಾತು ವಿಚಾರಾಧೀನ, ಮಾರುವವನ ಶಟರ್ ಮಾತ್ರ ಹತ್ತಕ್ಕೆ ಸರಿಯಾಗಿ ಮೇಲೇಳುತ್ತದೆ.

ನಾವು ಕೇಳುವುದು ದೊಡ್ಡದೇನಲ್ಲ. ಮರುಮತದಾನದ ಮಾತು ಬಿಡಿ. ನಿಮ್ಮದೇ ಸಹಿ ಇರುವ ಫಲಿತಾಂಶ ಜಾರಿಯಾಗಲಿ, ಅಂಗಡಿಗೆ ಮತ್ತೆ ಸೀಲು ಬೀಳಲಿ. ಹೆಬ್ಬೆಟ್ಟು ಹೇಗೆ ತೆಗೆದುಕೊಂಡರು ಎಂದು ವಿಚಾರಿಸಬೇಕಾದರೆ ಯುವರಾಜನನ್ನು ಕರೆದು ವಿಚಾರಿಸಿ, ಹೆಂಗಸರನ್ನಲ್ಲ. ಸೋಮವಾರದ ಸಭೆ ರದ್ದು ಮಾಡಿ.

ರದ್ದು ಮಾಡುವುದಿಲ್ಲ ಎಂದು ನನಗೆ ಗೊತ್ತು. ಅವ್ವನಿಗೂ ಗೊತ್ತು. ಸೋಮವಾರ ರಜೆ ಹಾಕಿದ್ದಾಳೆ. ಎಲ್ಲರೆದುರು ಹೇಳಲು ಬರುತ್ತಾಳೆ, ಕನ್ನಡದಲ್ಲೇ ಹೇಳುತ್ತಾಳೆ, ಬರೆದುಕೊಳ್ಳಲು ಕನ್ನಡ ಬಲ್ಲವರನ್ನು ಕೂರಿಸಿ. ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು ನಿನ್ನೆ ಅಪ್ಪನಿಗೂ ಮತದ ವಿಷಯ ತಾನೇ ಹೇಳಿದಳು. ಅವನು, “ಎಷ್ಟಕ್ಕ ಐತಿ? ನಾನೂ ಬರ್ತೇನಿ,” ಎಂದ.

ಅವ್ವನ ಪಕ್ಕ ಕೂರಲು ಬರುತ್ತಾನೋ, ಯುವರಾಜನ ಪಕ್ಕ ಕೂರಲು ಬರುತ್ತಾನೋ ನನಗೆ ತಿಳಿದಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಎರಡೂ ಕಡೆ ಒಂದೊಂದು ಕುರ್ಚಿ ಖಾಲಿ ಇಡಿ.

ಇಂತಿ,
ಒಮ್ಮೆ ಗೆದ್ದ ತಪ್ಪಿಗೆ ಕಚೇರಿ ಕಚೇರಿ ತಿರುಗುತ್ತಿರುವ
ರೂಪಾಲಿ,
ನೂಲು ಸುತ್ತುವವಳು, ಇಚಲಕರಂಜಿ