ಸೆರಗಿನಲ್ಲಿ ಕಚ್ಚಿದ ಅರ್ಧ ಮಾತ್ರೆ

ಚಿ. ಸೌ. ಪ್ರಫುಲ್ಲಾಳಿಗೆ ವಿಶಾಖಪಟ್ಟಣದಿಂದ ನಿನ್ನ ಅಣ್ಣಯ್ಯ ನರಹರಿ ಹರಸಿ ಬರೆಯುವುದು.

ಫೋನ್ ಎತ್ತುವುದಿಲ್ಲ ಎಂದು ಹಟ ಹಿಡಿದವಳಿಗೆ ಕಾಗದವೇ ಸರಿ. ಇದರಲ್ಲಿ ಒಂದು ಅನುಕೂಲವಿದೆ. ನಿನ್ನ ಯಜಮಾನರಿಗೆ ಕನ್ನಡ ಮಾತು ಬಂದರೂ ಓದಲು ಬರುವುದಿಲ್ಲ. ‘ಏನು ಬರೆದಿದ್ದಾನೆ, ಓದಿ ಹೇಳಿ’ ಎಂದು ನೀನು ಅಡುಗೆಮನೆಯಲ್ಲೇ ಮುಖ ತಿರುಗಿಸಿ ಕೂರುವ ಹಾಗಿಲ್ಲ. ಕನ್ನಡಕ ಹುಡುಕಿ ನೀನೇ ಓದಬೇಕು.

ಬಾಲ್ಕನಿಯಲ್ಲಿ ಕೂತಿದ್ದೇನೆ. ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸ್ ಬಿಟ್ಟ ಮೇಲೆ ಮಗಳು ಅಮೂಲ್ಯ ಹುಡುಕಿ ಹಿಡಿದ ಈ ಮನೆಯಿಂದ ಸಮುದ್ರದ ಒಂದು ತುಂಡು ಕಾಣುತ್ತದೆ. ಬಂದರಿನೊಳಗೆ ಜಾಗವಿಲ್ಲದ ಹಡಗುಗಳು ದೂರದಲ್ಲಿ ಸುಮ್ಮನೆ ನಿಂತಿರುತ್ತವೆ. ಮುಂಚೆಯಾಗಿದ್ದರೆ ‘ಯಾಕೆ ನಿಂತಿದೆ, ಯಾವಾಗ ಹೊರಡುತ್ತದೆ’ ಎಂದು ಚಡಪಡಿಸುತ್ತಿದ್ದೆ. ಈಗ ನಾನೂ ಅವುಗಳ ಜೊತೆ ನಿಂತಿದ್ದೇನೆ. ಹೃದಯ ಸೋತವನ ಹಗಲು ಹೀಗೆಯೇ ಪುಟ್ಟಿ. ಕಾಫಿ ಲೋಟ ಕೈಯಲ್ಲಿರುತ್ತದೆ, ಕಣ್ಣು ತೆರೆದೇ ಇರುತ್ತದೆ, ಆದರೆ ನಾನು ಹೊಸದುರ್ಗದ ಬಸ್ಸಿನಲ್ಲಿರುತ್ತೇನೆ. ಪಕ್ಕದಲ್ಲಿ ಅವ್ವ ಕೂತು ಹುರಿಗಡಲೆ ಕೊಡುತ್ತಾಳೆ. ಕೈ ಚಾಚುವಷ್ಟರಲ್ಲಿ ಅಮೂಲ್ಯ “ನಾನ್ನಾ, ಕಾಫಿ ಆರಿಹೋಯ್ತು” ಎನ್ನುತ್ತಾಳೆ. ಅಳಬೇಕೆನಿಸುವುದಿಲ್ಲ. ಹೋಗಿಬಂದ ಹಾಗೆ ಇರುತ್ತದೆ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ನಿಮ್ಮ ಪಟಮಟದ ಮನೆಗೆ ಸುಧಾರಿಸಿಕೊಳ್ಳಲು ಬಂದಾಗಲೂ ಹಾಗೆಯೇ ಇದ್ದೆ. ಬೆಜವಾಡದ ಆ ಬೇಸಿಗೆಯಲ್ಲಿ ಊರೆಲ್ಲ ಬೆವರುತ್ತಿದ್ದರೆ ನಾನೊಬ್ಬ ಕಂಬಳಿ ಕೇಳಿದೆ. ಮುಖ ಊದಿತ್ತು, ಮಾತು ನಿಧಾನವಾಗಿತ್ತು. ನೀನು ಆಸ್ಪತ್ರೆಯ ರಿಪೋರ್ಟುಗಳನ್ನು ಮಂಚದ ಮೇಲೆ ಹರಡಿಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟೆ. ಟಿ-ಥ್ರೀ, ಆ ಥೈರಾಯ್ಡಿನ ಲೆಕ್ಕ, ಕಡಿಮೆ. ನಿನ್ನ ಮುಖದಲ್ಲಿ ಆಗ ಬಂದ ಬೆಳಕನ್ನು ನಾನು ಮರೆಯುವುದಿಲ್ಲ. “ಅಣ್ಣಯ್ಯ, ಇದು ನನ್ನ ಕಾಯ್ಲೆನೇ ಕಣೋ. ಚಳಿ, ನಿದ್ದೆ, ಊತ, ಎಲ್ಲಾ ನಂದೇ. ಅಷ್ಟು ದೊಡ್ಡ ಆಸ್ಪತ್ರೆಲಿ ಒಬ್ರಿಗೂ ತಿಳೀಲಿಲ್ವಾ?”

ಮರುದಿನ ಬೆಳಿಗ್ಗೆ ಕಾಫಿಗೂ ಮುಂಚೆ ನೀನು ಬಂದೆ. ನಿನ್ನ ಥೈರಾಯ್ಡ್ ಮಾತ್ರೆಯನ್ನು ಸೆರಗಿನ ತುದಿಯಲ್ಲಿಟ್ಟು, ಬಟ್ಟೆಯ ಮೇಲಿಂದಲೇ ಹಲ್ಲಿನಲ್ಲಿ ಕಟ್ಟೆಂದು ಕಚ್ಚಿದೆ. ಕಾಗೆ ಎಂಜಲು. ಊರಿನಲ್ಲಿ ಪೆಪ್ಪರಮೆಂಟು, ಮಾವಿನಕಾಯಿ, ಒಬ್ಬಟ್ಟಿನ ಚೂರು, ಎಲ್ಲವನ್ನೂ ಹೀಗೆಯೇ ಎರಡು ಮಾಡುತ್ತಿದ್ದೆವು. ಬಟ್ಟೆ ಅಡ್ಡವಿದ್ದರೆ ಎಂಜಲಿಲ್ಲ, ಕೊಟ್ಟವರಿಗೂ ತಿಂದವರಿಗೂ ದೋಷವಿಲ್ಲ. “ಬಾಯ್ ತಗಿ,” ಎಂದೆ ನೀನು. ಅರವತ್ತು ದಾಟಿದ ನಾನು ಹಕ್ಕಿಮರಿಯ ಹಾಗೆ ಬಾಯಿ ತೆರೆದೆ. ಉಳಿದರ್ಧವನ್ನು ನೀನು ನುಂಗಿದೆ. ನಿನ್ನ ಯಜಮಾನರು, ನಮ್ಮ ಬಾವಗಾರು, ಪೇಪರಿನ ಮರೆಯಿಂದ ನೋಡಿ, “ಇದೇಂ ಪ್ರಸಾದಂ ಅಂಡಿ, ನನಗಿಲ್ಲವಾ?” ಎಂದು ನಕ್ಕರು.

ದಿನಾ ಬೆಳಿಗ್ಗೆ ಹೀಗೆಯೇ ನಡೆಯಿತು. ಸುಳ್ಳು ಹೇಳಬಾರದು, ಮೊದಮೊದಲು ಸೊಗಸಾಗಿತ್ತು. ಯಾರೋ ಒಳಗೆ ದೀಪ ದೊಡ್ಡದು ಮಾಡಿದ ಹಾಗೆ. ಕಾಲುವೆಯ ದಂಡೆಯವರೆಗೆ ನಡೆದೆ. ನೀರಿನಲ್ಲಿ ಆಕಾಶ ತಲೆಕೆಳಗಾಗಿ ಹರಿಯುತ್ತಿತ್ತು. ಅದರ ಮೇಲೆ ಕಾಲಿಟ್ಟು ಆಚೆ ದಡಕ್ಕೆ ಹೋಗಬಹುದು ಎನಿಸಿತು. ಆಮೇಲೆ ಒಂದು ಮಧ್ಯಾಹ್ನ ಎದೆ ತಾಳ ತಪ್ಪಿತು. ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಕುಟ್ಟುವಾಗ ಒನಕೆಗೆ ಒನಕೆ ತಾಗಿ ಗಡಿಬಿಡಿಯಾಗುತ್ತದಲ್ಲ, ಹಾಗೆ. ಆಟೋದಲ್ಲಿ ನೀನು ನನ್ನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಬೆಂಜ್ ಸರ್ಕಲ್ಲಿನ ಟ್ರಾಫಿಕ್ಕಿಗೆಲ್ಲ ಶಾಪ ಹಾಕುತ್ತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರ್ ಹೇಮಾಕ್ಷಿ, ‘ಹೊಸದಾಗಿ ಏನಾದರೂ ಕೊಟ್ಟಿರಾ’ ಎಂದು ಕೇಳಿದಾಗ ನೀನು ಒಂದು ಕ್ಷಣವೂ ಅಡಗಿಸದೆ ಸೆರಗನ್ನೇ ಎತ್ತಿ ತೋರಿಸಿದೆ. ಅದು ಗೊತ್ತಾದ್ದರಿಂದಲೇ ನನಗೆ ಬೇಗ ಸರಿಯಾದ ಚಿಕಿತ್ಸೆ ಸಿಕ್ಕಿತು. ನೀನು ಅದನ್ನು ನೆನಪಿಟ್ಟುಕೊಂಡಿಲ್ಲ. ಬರೀ ಕಚ್ಚಿದ್ದನ್ನು ನೆನಪಿಟ್ಟುಕೊಂಡಿದ್ದೀಯ.

ನಿನ್ನೆ ಬಾವಗಾರು ಫೋನ್ ಮಾಡಿದ್ದರು. ಅವರ ಕನ್ನಡದಲ್ಲೇ ಬರೆಯುತ್ತೇನೆ. “ನರಹರಿಗಾರು, ನಿಮ್ಮ ಚೆಲ್ಲೆಲು, ಅದೇ ನಿಮ್ಮ ತಂಗಿ, ಮಾತ್ರೆ ಬಿಟ್ಟೇಸಿದಾಳೆ ಅಂಡಿ. ಅಣ್ಣನ ಪ್ರಾಣ ತೆಗೆಯೋಕ್ಕೆ ಹೊರಟ ಮಾತ್ರೆ ನನ್ನ ಬಾಯಿಗೂ ಬೇಡ ಅಂತಾಳೆ. ಹಾಲು ಒಲೆ ಮೇಲಿಟ್ಟು ನಿಂತ್ಕೊಂಡೇ ತೂಕಡಿಸ್ತಾಳೆ. ಗಂಟಲು ಗಂಡಸಿನ ಗಂಟಲಾಗಿದೆ. ನಾನು ಹೇಳಿದ್ರೆ ನನ್ನೇ ಬೈತಾಳೆ. ನನಗೆ ಭಯಂ ಆಗ್ತಿದೆ.” ನಲವತ್ತು ವರ್ಷದಲ್ಲಿ ಆ ಮನುಷ್ಯ ಭಯ ಎಂಬ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಫೋನ್ ಇಟ್ಟ ಮೇಲೆ ಹಡಗುಗಳೂ ಕಾಣಲಿಲ್ಲ, ಅವ್ವನ ಬಸ್ಸೂ ಬರಲಿಲ್ಲ. ನಿದ್ದೆಯಂಥ ನನ್ನ ಹಗಲಿನಿಂದ ಯಾರೋ ಎಬ್ಬಿಸಿ ಕೂರಿಸಿದರು.

ಅದಕ್ಕೇ ಒಂದು ಕಥೆ ಹೇಳುತ್ತೇನೆ. ಹೂಂಗುಟ್ಟುತ್ತಿರು, ಇಲ್ಲವಾದರೆ ಕಥೆ ನಿಂತುಬಿಡುತ್ತದೆ.

ಒಂದೂರಲ್ಲಿ ಒಂದು ಕಪಿಲೆ ಬಾವಿ. ಒಂದು ಮುದಿ ಎತ್ತು ಇಳಿಜಾರಿನಲ್ಲಿ ಹಗ್ಗ ಜಗ್ಗಿಕೊಂಡು ಹೋಗಿ ಚರ್ಮದ ಚೀಲದಲ್ಲಿ ನೀರೆತ್ತುತ್ತಿತ್ತು. ಕೆಳಗೆ ತೋಟ. ಎತ್ತಿನ ಮೈ ಸೋತಿತು. ತೋಟದ ಯಜಮಾನಿ ಬುದ್ಧಿವಂತೆ. ಎತ್ತನ್ನು ಬಯ್ಯಲಿಲ್ಲ, ಒಂದೊಂದೇ ಮಡಿಯ ಬಾಯಿಗೆ ಮಣ್ಣು ಹಾಕಿ, ‘ಸದ್ಯಕ್ಕೆ ಇಷ್ಟೇ ನೀರು ಸಾಕು’ ಎಂದಳು. ಗಿಡಗಳು ತಲೆ ತಗ್ಗಿಸಿ ತೂಕಡಿಸಿದವು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಪುಣ್ಯಾತ್ಗಿತ್ತಿ ಬಾಡಿದ ತೋಟ ನೋಡಿ ಮರುಗಿ, ಮಡಿಗಳನ್ನೆಲ್ಲ ಬಿಡಿಸಿ ಎತ್ತಿನ ಬಾಲ ಮುರಿದಳು. ಎತ್ತು ಓಡಿತು, ನಿಜ. ಓಡಿ ಮುಗ್ಗರಿಸಿತು.

ಡಾಕ್ಟರ್ ತೆಲುಗಿನಲ್ಲಿ ಹೇಳಿದ್ದನ್ನೇ ನಾನು ನಮ್ಮೂರ ಬಾವಿಗೆ ತಂದು ಕಟ್ಟಿದ್ದೇನೆ. ನನ್ನ ಕುತ್ತಿಗೆಯ ಗ್ರಂಥಿ ಚೆನ್ನಾಗಿಯೇ ಇದೆಯಂತೆ. ಅದು ಕೊಡುವ ಹಾರ್ಮೋನನ್ನು ದೇಹ ಕೆಲಸಕ್ಕೆ ಬರುವ ಟಿ-ಥ್ರೀಯಾಗಿ ಬದಲಿಸಿಕೊಳ್ಳಬೇಕು. ಹೃದಯ ಸೋತಾಗ ದೇಹ, ತೋಟದ ಯಜಮಾನಿಯ ಹಾಗೆ, ಆ ಬದಲಾವಣೆಯನ್ನೇ ತಗ್ಗಿಸಿಬಿಡುತ್ತದಂತೆ. ಅದು ಒಳ್ಳೆಯ ಸುದ್ದಿಯೇನಲ್ಲ, ಹೃದಯ ಎಷ್ಟು ದಣಿದಿದೆ ಎಂಬುದರ ಗುರುತು. ಹೊರಗಿನಿಂದ ಕೊಟ್ಟು ಅದನ್ನು ಏರಿಸಿದರೆ ಒಳ್ಳೆಯದಾದೀತೇ ಎಂದು ತಿಳಿದವರು ಇನ್ನೂ ಪರೀಕ್ಷಿಸುತ್ತಿದ್ದಾರಂತೆ. ಅದು ಅವರ ಕೆಲಸ, ನಮ್ಮ ಹಲ್ಲಿನ ಕೆಲಸವಲ್ಲ.

ಈಗ ನಿನ್ನ ಬಾವಿಯ ಕಥೆ. ನಿನ್ನ ಎತ್ತು ಗಟ್ಟಿ, ಹಗ್ಗ ಗಟ್ಟಿ, ಬಾವಿಯಲ್ಲಿ ನೀರಿದೆ. ಆದರೆ ಕಪಿಲೆ ಹೊಡೆಯುವವನು ಹಾಡಬೇಕಲ್ಲ? ತಾತ ಹಾಡು ನಿಲ್ಲಿಸಿದರೆ ಎತ್ತುಗಳು ಅಲ್ಲಲ್ಲೇ ನಿಂತು ಮೆಲುಕು ಹಾಕುತ್ತಿದ್ದವು, ನೋಡಿದ್ದೀಯ. ನಿನ್ನಲ್ಲಿ ಹಾಡುವವನೇ ಎದ್ದುಹೋಗಿದ್ದಾನೆ. ನಿನ್ನ ಗ್ರಂಥಿ ನಿಜವಾಗಿಯೂ ಸೋತಿದೆ. ಆ ಮಾತ್ರೆಯೇ ನಿನ್ನ ಹಾಡು. ನನಗೆ ಬಾಲ ಮುರಿದದ್ದು ನಿನಗೆ ಹಾಡು. ಇಬ್ಬರ ರಿಪೋರ್ಟಿನಲ್ಲೂ ಒಂದೇ ಸಾಲು ಕಂಡಿತು, ಕಾಯಿಲೆ ಬೇರೆಯಾಗಿತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಅದು ತಿಳಿಯುವುದು ಕಷ್ಟ.

ನಾನು ಹೇಗಿದ್ದೇನೆ ಎಂದು ಕೇಳಲಿಲ್ಲ ನೀನು, ಆದರೂ ಹೇಳುತ್ತೇನೆ. ಹೃದಯದ ಮಾತ್ರೆಗಳನ್ನು ಅಮೂಲ್ಯ ತಪ್ಪಿಸುವುದಿಲ್ಲ, ಉಪ್ಪನ್ನು ನನ್ನಿಂದ ಬಚ್ಚಿಟ್ಟಿದ್ದಾಳೆ. ಹೋದ ವಾರದ ಪರೀಕ್ಷೆಯಲ್ಲಿ ಟಿ-ಥ್ರೀ ತಾನಾಗಿಯೇ ತುಸು ಮೇಲೆ ಬಂದಿದೆ. ಯಾರೂ ಕೊಟ್ಟಿದ್ದಲ್ಲ. ಯಜಮಾನಿ ಒಂದು ಮಡಿಯ ಬಾಯಿ ತೆರೆದು ನೋಡುತ್ತಿದ್ದಾಳೆ. ಇನ್ನೆಷ್ಟು ತೆರೆಯುತ್ತಾಳೋ ನನಗೆ ತಿಳಿಯದು. ತಿಳಿಯದೆಯೂ ಇಲ್ಲಿ ಕೂತಿರಬಲ್ಲೆ. ನೀನು ಅಲ್ಲಿ ಒಲೆಯ ಮುಂದೆ ತೂಕಡಿಸುತ್ತಿರುವುದು ತಿಳಿದು ಮಾತ್ರ ಕೂರಲಾರೆ. ಡಾಕ್ಟರ್ ನನ್ನೆದೆಗೆ ಗಾಬರಿ ಕೂಡದು ಎಂದಿದ್ದಾರೆ. ನನಗೆ ನಿಜವಾಗಿ ಔಷಧಿ ಕೊಡಬೇಕೆಂದಿದ್ದರೆ ಇಷ್ಟು ಮಾಡು.

ಈ ಕಾಗದ ತಲುಪಿದ ದಿನ ಬಾವಗಾರು ನನಗೆ ತಿಳಿಸುತ್ತಾರೆ. ಮರುದಿನ ಬೆಳಗಾಗುತ್ತಿದ್ದಂತೆ, ನಿನ್ನ ಕಾಫಿಗೆ ಮುಂಚೆ, ಫೋನ್ ಮಾಡುತ್ತೇನೆ. ಮಾತಾಡಬೇಡ. ನಾನೂ ಮಾತಾಡುವುದಿಲ್ಲ. ಎತ್ತಿ, ಅಡುಗೆಕಟ್ಟೆಯ ಮೇಲಿಡು. ಇಲ್ಲಿ ನಾನು ಕಣ್ಣು ಮುಚ್ಚಿ ಕೇಳುತ್ತಿರುತ್ತೇನೆ. ನಿಮ್ಮ ಬೀದಿಯ ಮೊದಲ ಬಸ್ಸು, ಬಾವಗಾರ ಕೆಮ್ಮು, ಡಬ್ಬಿಯ ಮುಚ್ಚಳ ತಿರುಗುವ ಸದ್ದು, ಇಡೀ ಮಾತ್ರೆಯೊಂದು ಅಂಗೈಗೆ ಬೀಳುವುದು, ಆಮೇಲೆ ನೀನು ಲೋಟ ಎತ್ತಿ ಗುಟುಕು ಗುಟುಕಾಗಿ ನೀರು ಕುಡಿಯುವುದು. ಅಷ್ಟು ಕೇಳಿಸಿದರೆ ಫೋನ್ ಇಟ್ಟು ಹಡಗುಗಳ ಹತ್ತಿರ ಹೋಗುತ್ತೇನೆ.

ನಿನ್ನ ಬೆಳಗುಗಳೆಲ್ಲ ಎಚ್ಚರವಾಗಿರಲಿ, ತಾಯಿ. ನೂರ್ಕಾಲ ಬೈಯುತ್ತಾ ಬಾಳು.

ಸಮುದ್ರದ ಈ ಕೊನೆಯಲ್ಲಿ ಕಿವಿಗೊಟ್ಟು ಕೂತಿರುವ,
ನಿನ್ನ ಅಣ್ಣಯ್ಯ
ನರಹರಿ