ಮೇಷ್ಟ್ರು ಹೇಳಿದ್ದಾರೆ

ಮೇ 6, ಸೋಮವಾರ. ಬೆಳಿಗ್ಗೆ 5.20

ಆರಕ್ಕೆ ಶಿಫ್ಟು. ಬಟ್ಟೆ ಒಗೆಯುವ ಎರಡನೇ ಡ್ರಮ್ಮಿನ ಬಾಗಿಲು ಇನ್ನೂ ರಿಪೇರಿಯಾಗಿಲ್ಲ. ಇವತ್ತೂ ಇಡೀ ಆಸ್ಪತ್ರೆಯ ಹಾಸು-ಹೊದಿಕೆ ಒಂದೇ ಡ್ರಮ್ಮಿಗೆ. ಲಾಂಡ್ರಿ ಸೂಪರ್‌ವೈಸರ್‌ಗೆ ಗೊತ್ತಿರುವುದು ಒಂದೇ ಮಾತು — "ಅಡ್ಜಸ್ಟ್ ಮಾಡ್ಕೊಳ್ಳಮ್ಮಾ." ಜಗತ್ತಿನ ಅರ್ಧ ಅನ್ಯಾಯ ನಿಂತಿರುವುದೇ ಈ ಮಾತಿನ ಮೇಲೆ.

ಅಮ್ಮ ಆಗಲೇ ಎದ್ದಿದ್ದಾಳೆ. ಹೊಲಿಗೆ ಮಷಿನ್ನಿಗೆ ಫೋನು ಒರಗಿಸಿಕೊಂಡು ‘ಪೋಷಕರ ಕಟ್ಟೆ’ ಓದುತ್ತಿದ್ದಾಳೆ. ಕಾಲೇಜು ಸೀಟಿನ ಚಿಂತೆ ಹತ್ತಿದ ಹನ್ನೊಂದು ಸಾವಿರ ಅಪ್ಪ-ಅಮ್ಮಂದಿರ ಫೋರಂ. ಯಾರಿಗೂ ಹೆಸರಿಲ್ಲ, ಎಲ್ಲರಿಗೂ ಅಡ್ಡಹೆಸರು. ಅಮ್ಮ ಒಂದಕ್ಷರ ಬರೆಯುವುದಿಲ್ಲ. ಬರೀ ಓದುತ್ತಾಳೆ, ನಿಟ್ಟುಸಿರು ಬಿಡುತ್ತಾಳೆ, ಮತ್ತೆ ಕಾಲರ್ ಹೊಲಿಯುತ್ತಾಳೆ.

ಎಲ್ಲ ಗುಬ್ಬಿಗಾಗಿ. ತಂಗಿ ಫಿಸಿಯೋಥೆರಪಿ ಓದಬೇಕಂತೆ. ಎರಡು ವರ್ಷದ ಹಿಂದೆ ನನಗೆ ಬುತ್ತಿ ತಂದವಳು ಆಸ್ಪತ್ರೆಯಲ್ಲಿ ದಾರಿ ತಪ್ಪಿ ಯಾವುದೋ ಕೋಣೆಗೆ ಹೊಕ್ಕಳು. ಎರಡು ಕಂಬಿಗಳ ನಡುವೆ ಒಬ್ಬ ಮುದುಕ ಮತ್ತೆ ನಡೆಯುವುದನ್ನು ಕಲಿಯುತ್ತಿದ್ದ. ಅಷ್ಟೇ. ಅವತ್ತಿನಿಂದ ಬೇರೆ ಮಾತಿಲ್ಲ.

ಮೇ 9, ಗುರುವಾರ

ಅಮ್ಮನ ಜೊತೆ ಜಗಳ. ಆ ಕಟ್ಟೆ ಹೆದರಿಕೆಯ ಅಂಗಡಿ ಅಂದೆ. ಭಯ ಹುಟ್ಟಿಸುವವರೂ ಅವರೇ, ಕೋಚಿಂಗ್ ಮಾರುವವರೂ ಅವರೇ. ಶಿಕ್ಷಣ ಹಕ್ಕು, ಲಾಟರಿಯಲ್ಲ ಅಂದೆ. ಭಾನುವಾರ ಭಾನುವಾರ ನಮ್ಮ ದುಡಿಯುವವರ ಓದುಕೂಟದಲ್ಲಿ ಚರ್ಚಿಸುವ ಮಾತು.

"ಆಯ್ತಮ್ಮಾ ಹಕ್ಕು. ಕಣ್ಣಿನ ಡಾಕ್ಟರ ಸರ್ಟಿಫಿಕೇಟ್ ಬೇಕಂತೆ, ಅರ್ಜಿ ಜೊತೆ. ನಿನ್ನ ಓದುಕೂಟದಲ್ಲಿ ಯಾರಾದ್ರೂ ಹೇಳಿದ್ರಾ? ಸ್ಕೂಲಲ್ಲಿ ಹೇಳಿದ್ರಾ?"

ಇಲ್ಲ.

"ಕಟ್ಟೇಲಿ ಹೇಳಿದ್ರು."

ಮಧ್ಯಾಹ್ನ ಗುಬ್ಬಿ ಹೋಗಿ ಮಾಡಿಸಿಕೊಂಡು ಬಂದಳು. ಅವಳ ಕ್ಲಾಸಿನ ಅರ್ಧ ಮಕ್ಕಳಿಗೆ ಈ ವಿಷಯವೇ ಗೊತ್ತಿಲ್ಲವಂತೆ.

ಒಪ್ಪಬೇಕು. ಈ ಮನೆಯಲ್ಲಿ ಕಾಲೇಜಿನ ಗೇಟು ದಾಟಿದವರಿಲ್ಲ. ಅಪ್ಪ ಹೋದ ಮೇಲೆ ಕೇಳಲು ಯಾರೂ ಇಲ್ಲ. ಅಮ್ಮ ಓದಿದ್ದು ಏಳನೇ ಕ್ಲಾಸು, ನಾನು ಹತ್ತು. ಕಟ್ಟೆ ಇಲ್ಲದಿದ್ದರೆ ಅರ್ಜಿ ವಾಪಸು ಬರುತ್ತಿತ್ತು. ಆದರೂ — ಓದಿದವರ ಔದಾರ್ಯದ ಮೇಲೆ ಬದುಕಬೇಕೆ ನಾವು?

ಮೇ 15, ಬುಧವಾರ

ಕಟ್ಟೆಗೆ ನಾನೇ ಹತ್ತಿದೆ. ‘ದುಡಿಯುವ ಹುಡುಗಿ’ ಅಂತ ಹೆಸರಿಟ್ಟುಕೊಂಡು ಬರೆದೆ: ದುಡ್ಡು ತಗೊಂಡು ಸೀಟು ಕೊಡಿಸುತ್ತೇವೆ ಅನ್ನುವ ಏಜೆಂಟರಿಗೆ ಮರುಳಾಗಬೇಡಿ, ಅವರು ಮಾಡುವ ಕೆಲಸ ನೀವೇ ಮಾಡಬಹುದು. ಎರಡು ದಿನ ಕಾದರೂ ಬಂದದ್ದು ಒಂದೇ ಉತ್ತರ. "ಇದು ದೊಡ್ಡವರು ಮಾತಾಡೋ ಜಾಗ, ಮಗೂ."

ಸಿಟ್ಟು ನೆತ್ತಿಗೇರಿತು. ಹೊಸ ಖಾತೆ ತೆರೆದೆ. ‘ನಿವೃತ್ತ ಮೇಷ್ಟ್ರು’. ಅದೇ ಸಾಲು, ಅಕ್ಷರ ಬದಲಿಸದೆ ಹಾಕಿದೆ. ಅರ್ಧ ಗಂಟೆಯಲ್ಲಿ ನಲವತ್ತು ಲೈಕು. "ನಮಸ್ಕಾರ ಮೇಷ್ಟ್ರೇ." "ನಿಮ್ಮಂಥ ಹಿರಿಯರು ಬೇಕು ಸರ್." ಒಬ್ಬರು ಮಂಡಿನೋವಿಗೆ ಎಣ್ಣೆಯನ್ನೂ ಸೂಚಿಸಿದರು.

ನಗು ಬಂತು. ಮರ್ಯಾದೆ ಸತ್ಯಕ್ಕಲ್ಲ, ನರೆತ ತಲೆಗೆ. ಇರಲಿ. ಸುಳ್ಳು ತಲೆಯಿಂದ ನಿಜ ಹೇಳಿದರೆ ತಪ್ಪೇನು?

ಮೇ 27, ಸೋಮವಾರ

ಅಮ್ಮ ಏಜೆಂಟನ ಹತ್ತಿರ ಹೋಗುವವಳಿದ್ದಳು. ಹೋಗಲಿಲ್ಲ.

"ಯಾಕಮ್ಮಾ?"

"ಮೇಷ್ಟ್ರು ಬೇಡ ಅಂದಿದ್ದಾರೆ."

"ನಾನು ತಿಂಗಳಿಂದ ಅದನ್ನೇ ಬಡ್ಕೋತಿದ್ದೀನಿ!"

"ನೀನು ಬಡ್ಕೋತೀಯ. ಅವರು ಹೇಳ್ತಾರೆ. ವ್ಯತ್ಯಾಸ ಇದೆ ಕಣೇ."

ಹಿತ್ತಲ ಗಿಡ ಮದ್ದಲ್ಲ. ಆದರೆ ಅದೇ ಗಿಡದ ಎಲೆಯನ್ನು ಬೇರೆಯವರ ಬಟ್ಟಲಲ್ಲಿ ಕೊಟ್ಟರೆ ಕಣ್ಣಿಗೊತ್ತಿಕೊಂಡು ಕುಡಿಯುತ್ತಾಳೆ. ಹೇಳಿಬಿಡಬೇಕು ಅನ್ನಿಸಿತು. ಹೇಳಲಿಲ್ಲ. ನನ್ನ ಮಾತಿಗೆ ಅಮ್ಮ ತಲೆದೂಗುವುದನ್ನು ಮೊದಲ ಸಲ ನೋಡುತ್ತಿದ್ದೇನೆ.

ಜೂನ್ 4, ಮಂಗಳವಾರ. ಟೀ ಬ್ರೇಕ್, 11.10

ಕಟ್ಟೆಯಲ್ಲಿ ಇವತ್ತು ಯುದ್ಧ.

ಒಬ್ಬ ತಾಯಿ ಕೇಳಿದ್ದರು — ಮೊದಲ ರೌಂಡಿನಲ್ಲಿ ಖಾಸಗಿ ಕಾಲೇಜು ಸಿಕ್ಕಿದರೆ ಒಪ್ಪಿಕೊಳ್ಳಬೇಕೋ, ಬಿಡಬೇಕೋ? ಮೇಷ್ಟ್ರು ಬರೆದರು: "ಮೊದಲ ರೌಂಡಿನ ಖಾಸಗಿ ಸೀಟು ಗಾಳಕ್ಕೆ ಸಿಕ್ಕಿಸಿದ ಹುಳು. ಹೆದರಿ ಕಚ್ಚಬೇಡಿ. ತಿರಸ್ಕರಿಸಿ. ಎರಡನೇ ರೌಂಡಿನಲ್ಲಿ ಸರ್ಕಾರಿ ಸೀಟುಗಳು ತೆರವಾಗುತ್ತವೆ. ನಿಮ್ಮ ಭಯವೇ ಅವರ ಬಂಡವಾಳ." ಅಂಕಿ-ಅಂಶವನ್ನೂ ಕೊಟ್ಟೆ. ಓದುಕೂಟದ ಕಿರುಹೊತ್ತಿಗೆಯಲ್ಲಿದ್ದದ್ದು. ಮೂರು ವರ್ಷ ಹಳೆಯದು, ಆದರೆ ವ್ಯವಸ್ಥೆ ಬದಲಾಗಿದೆಯೇ?

‘ಕಂಪೌಂಡರ್’ ಅನ್ನುವವನು ಅಡ್ಡ ಬಂದ. ಯಾವಾಗಲೂ ಪುಟಸಂಖ್ಯೆ ಹಿಡಿದುಕೊಂಡೇ ಓಡಾಡುವ ಆಸಾಮಿ. "ಮೇಷ್ಟ್ರೇ, ಈ ವರ್ಷದ ಪ್ರವೇಶ ಕೈಪಿಡಿ, ಪುಟ 41, ನಿಯಮ 7. ದಯವಿಟ್ಟು ಓದಿ ಬರೆಯಿರಿ."

ಹಾಗೆ ಹೇಳುವ ಧಾಟಿಯೇ ಗೊತ್ತು ನನಗೆ. ಪುಟ ತೋರಿಸಿ ಬಾಯಿ ಮುಚ್ಚಿಸುವವರು. ಬರೆದೆ: "ಕಂಪೌಂಡರ್ ಅವರಿಗೆ ಈ ಔಷಧಿ ಯಾವ ಕಾಲೇಜಿನಿಂದ ಸಪ್ಲೈ ಆಗುತ್ತಿದೆ?" ಅರವತ್ತಮೂರು ಲೈಕು! ಜನ ಮುಗಿಬಿದ್ದರು. ಏಜೆಂಟ್ ಅಂದರು, ದಲ್ಲಾಳಿ ಅಂದರು. ಹನ್ನೊಂದರ ಹೊತ್ತಿಗೆ ಕಂಪೌಂಡರ್ ಕಟ್ಟೆ ಇಳಿದು ಹೋಗಿದ್ದ.

ಮಾತಿಗೆ ಬಲ ಇದೆ. ಸೂಪರ್‌ವೈಸರ್ ಕರೆಯುತ್ತಿದ್ದಾನೆ. ಕರೆಯಲಿ.

ಜೂನ್ 6, ಗುರುವಾರ

ಓದುಕೂಟದ ಶಿಬಿರಕ್ಕೆ ಹೊರಟೆ. ಭಾನುವಾರದವರೆಗೆ. ಫೋನುಗಳನ್ನು ಚೀಲಕ್ಕೆ ಹಾಕಿ ಕೊಡಬೇಕು; ಚರ್ಚೆ ಕೆಡಬಾರದು ಅಂತ. ಒಳ್ಳೆಯ ನಿಯಮ.

ಗುಬ್ಬಿ ಬಾಗಿಲವರೆಗೆ ಬಂದಳು. "ನಾಳೆ ಲಿಸ್ಟ್ ಅಕ್ಕಾ. ನೀನಿರಲ್ವಲ್ಲ."

"ನಾನಿದ್ರೆ ಹೆಸರು ಮೇಲೆ ಹೋಗುತ್ತಾ?"

"ಇಲ್ಲ. ಆದ್ರೂ."

ಜೂನ್ 10, ಸೋಮವಾರ. ಬೆಳಿಗ್ಗೆ 9

ನಿನ್ನೆ ಸಂಜೆ ಏಳಕ್ಕೆ ಫೋನು ಕೈಗೆ ಬಂತು. ಅಮ್ಮನ ಏಳು ಮಿಸ್ಡ್ ಕಾಲ್. ಗುಬ್ಬಿಯ ಎರಡು.

ಮನೆಗೆ ಬಂದರೆ ಅಮ್ಮನ ಮುಖ ಹಬೆ ಒರೆಸಿದ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಸೀಟು ಬಂತು ಕಣೇ! ಫಿಸಿಯೋಥೆರಪಿನೇ. ಆ ನದಿ ಆಚೆ ಕಾಲೇಜು, ಎರಡು ಬಸ್ಸಿನ ದಾರಿ. ಖಾಸಗಿ, ಆದ್ರೆ ನಮ್ಮಂಥೋರಿಗೆ ಅರ್ಧ ಫೀ ಮಾಫಿಯಂತೆ."

"ಸೇರಿಸಿದ್ಯಾ?"

"ಸೇರಿಸ್ತೀನಾ? ನನ್ನೇನು ಅಷ್ಟು ದಡ್ಡಿ ಅಂದ್ಕೊಂಡ್ಯಾ? ಗಾಳದ ಹುಳು ಅದು. ಮೂರು ದಿನ ಯೋಚನೆ ಮಾಡಿದೆ. ಇವತ್ತು ನಾಲ್ಕೂವರೆಗೆ ‘ತಿರಸ್ಕರಿಸು’ ಒತ್ತಿದೆ. ಐದಕ್ಕೆ ಕ್ಲೋಸ್ ಇತ್ತು. ಮೇಷ್ಟ್ರಿಗೂ ಒಂದು ಮಾತು ಕೇಳೋಣ ಅನ್ನಿಸ್ತು. ದೊಡ್ಡವರು, ಯಾಕೆ ತೊಂದರೆ ಅಂತ ಬಿಟ್ಟೆ." ನನ್ನ ಭುಜ ತಟ್ಟಿದಳು. "ನೀನೂ ಅದನ್ನೇ ಹೇಳ್ತಿದ್ದೆ, ಬಿಡು."

ಮೊದಲು ಹೆಮ್ಮೆಯಾಯಿತು. ಬರೆದಿಡುತ್ತೇನೆ, ಮುಚ್ಚಿಡುವುದಿಲ್ಲ — ಹೆಮ್ಮೆಯಾಯಿತು.

ಈಗ ಇಸ್ತ್ರಿ ಮಷಿನ್ನಿನ ಹಿಂದೆ ನಿಂತು ಕೈಪಿಡಿ ತೆರೆದೆ. ಪುಟ 41. ನಿಯಮ 7.

"ಮೊದಲ ಸುತ್ತಿನಲ್ಲಿ ಹಂಚಿಕೆಯಾದ ಸೀಟನ್ನು ತಿರಸ್ಕರಿಸಿದ ಅಭ್ಯರ್ಥಿಯನ್ನು ಈ ಸಾಲಿನಿಂದ ಮುಂದಿನ ಸುತ್ತುಗಳಿಗೆ ಪರಿಗಣಿಸಲಾಗುವುದಿಲ್ಲ."

ಆರು ಸಲ ಓದಿದೆ. ಈ ಸಾಲಿನಿಂದ. ಈ ವರ್ಷದಿಂದ.

ಆದರೂ ಎಷ್ಟೋ ನಿಯಮಗಳು ಕಾಗದದಲ್ಲೇ ಇರುತ್ತವೆ. ಲಿಸ್ಟಿನಲ್ಲಿ ಹೆಸರು ಬಂದರೂ ಬರಬಹುದು. ಬರಬಹುದು...

ಜೂನ್ 25, ಮಂಗಳವಾರ

ಎರಡನೇ ಲಿಸ್ಟು ಬಂತು. ಗುಬ್ಬಿಯ ಹೆಸರಿಲ್ಲ.

ಅಮ್ಮ ಮೂರು ಸಲ ಲಾಗಿನ್ ಮಾಡಿದಳು. ಪ್ರತಿ ಸಲವೂ ನಂಬರನ್ನು ಗಟ್ಟಿಯಾಗಿ, ಒಂದೊಂದೇ ಅಂಕೆ ಓದಿಕೊಂಡು. "ನೆಟ್ ಸರಿ ಇಲ್ಲ" ಅಂದಳು. ಗುಬ್ಬಿ ಎದ್ದು ಹೋಗಿ ಪಾತ್ರೆ ತೊಳೆಯಲು ಕೂತಳು. ತೊಳೆದ ಪಾತ್ರೆಗಳನ್ನೇ.

ಹದಿನೈದು ದಿನ ನಾನು ಇಲ್ಲಿ ಒಂದಕ್ಷರ ಬರೆದಿಲ್ಲ. ಕಟ್ಟೆಯಲ್ಲೂ ಬರೆದಿಲ್ಲ. "ಮೇಷ್ಟ್ರಿಗೆ ಹುಷಾರಿಲ್ವೇನೋ" ಅಂತ ಯಾರೋ ಕೇಳಿದ್ದಾರೆ. ನಾನು ನಿಯಮ 7 ಓದುವ ಹೊತ್ತಿಗೆ ಗಡುವು ಮುಗಿದಿತ್ತು; ಉಳಿದವರನ್ನು ಎಚ್ಚರಿಸಲೂ ತಡವಾಗಿತ್ತು. ಅವತ್ತು ಕಟ್ಟೆಯಲ್ಲಿ ಪ್ರಶ್ನೆ ಕೇಳಿದ ಆ ತಾಯಿ ಏನು ಮಾಡಿದಳೋ. ಕೇಳುವ ಧೈರ್ಯವಿಲ್ಲ.

ಜೂನ್ 26, ಬುಧವಾರ

ರಜೆ ಹಾಕಿ ಅಮ್ಮನ ಜೊತೆ ಪ್ರವೇಶ ಕಚೇರಿಗೆ ಹೋದೆ. ಕಿಟಕಿ ನಂಬರ್ ಆರು. ಮುಂದೆ ನಲವತ್ತು ಜನ. ಅಮ್ಮನ ಕೈಯಲ್ಲಿ ಮೇಷ್ಟ್ರ ಪೋಸ್ಟಿನ ಪ್ರಿಂಟ್‌ಔಟು, ಪ್ಲಾಸ್ಟಿಕ್ ಕವರಿನಲ್ಲಿ. ಯಾವಾಗ ತೆಗೆಸಿಟ್ಟುಕೊಂಡಿದ್ದಳೋ.

ಕ್ಲರ್ಕು ಕನ್ನಡಕ ಏರಿಸಿ ಓದಿದ. "ಯಾವ ಮೇಷ್ಟ್ರಮ್ಮಾ ಇವರು?"

"ನಿವೃತ್ತರು ಸಾರ್. ತುಂಬಾ ತಿಳಿದೋರು."

"ತಿಳಿದೋರು ಕೈಪಿಡಿ ಓದಲ್ವಾ? ಕೈಗೆ ಬಂದ ತುತ್ತು, ನೀವೇ ಚೆಲ್ಲಿಕೊಂಡಿದ್ದೀರಿ." ಒರಟನಲ್ಲ. ದಣಿದವನು. ದನಿ ತಗ್ಗಿಸಿ ಹೇಳಿದ — "ಮೇಲ್ಮನವಿ ಅಂತ ಒಂದಿದೆ. ಶುಕ್ರವಾರ ಸಂಜೆ ಐದು ಲಾಸ್ಟ್. ತಪ್ಪು ಮಾಹಿತಿಯಿಂದ ಹೀಗಾಯ್ತು ಅಂತ, ಆ ಮಾಹಿತಿ ಕೊಟ್ಟೋರು ಬರೆದು ಸಹಿ ಹಾಕಿ ಕೊಡಬೇಕು. ವಿಳಾಸ ಸಮೇತ. ನಿವೃತ್ತ ಮೇಷ್ಟ್ರು ಅಂದ್ರೆ ಸಮಿತಿಯವರು ಒಂಚೂರು ಕೇಳ್ತಾರೆ. ನದಿ ಆಚೆ ಕಾಲೇಜಲ್ಲಿ ಇನ್ನೂ ಎರಡು ಸೀಟು ಖಾಲಿ ಇದೆ."

ನಾನು ಕೇಳಿದೆ: "ಮನೆಯವರೇ ಹೇಳಿದ್ದು ಅಂದ್ರೆ?"

"ಮನೆಯವರು ಹೇಳಿದ್ರೆ ಅದು ನಿಮ್ಮ ನಿರ್ಧಾರ. ಮನವಿ ಅಲ್ಲಿಗೇ ಖಲಾಸ್. ನೆಕ್ಸ್ಟ್!"

ಬಸ್ಸಿನಲ್ಲಿ ಅಮ್ಮ: "ಮೇಷ್ಟ್ರ ತಪ್ಪಿಲ್ಲ. ಪಾಪ, ವಯಸ್ಸಾದೋರು. ನಾನೇ ಸರಿಯಾಗಿ ಅರ್ಥ ಮಾಡ್ಕೊಂಡಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಕಂಪೌಂಡರ್‌ನ ಕ್ಷಮೆ ಕೇಳೋಣ ಅಂತ ಹುಡುಕಿದೆ. ಆ ಖಾತೆ ಇಲ್ಲ. ಅವನ ಹಳೆಯ ಪೋಸ್ಟುಗಳು ಮಾತ್ರ ಉಳಿದಿವೆ. ಕಣ್ಣಿನ ಸರ್ಟಿಫಿಕೇಟಿನ ವಿಷಯ ಬರೆದವನೂ ಅವನೇ. ಪುಟ 12.

ಜೂನ್ 27, ಗುರುವಾರ. ಬೆಳಿಗ್ಗೆ 10.30

ಗುಬ್ಬಿ ನನ್ನ ಜೊತೆ ಲಾಂಡ್ರಿಗೆ ಬಂದಿದ್ದಾಳೆ. ಬೇರ್ಪಡಿಸುವ ಮೇಜಿನಲ್ಲಿ ಕೆಲಸ ಖಾಲಿ ಇದೆ ಅಂತ ಅವಳೇ ಸೂಪರ್‌ವೈಸರ್‌ನನ್ನು ಕೇಳಿಕೊಂಡಳು. ರಕ್ತ ಹತ್ತಿದ್ದು ಒಂದು ಕಡೆ, ಹತ್ತದ್ದು ಒಂದು ಕಡೆ. ಸೂಜಿ ಇದೆಯಾ ಅಂತ ಮಡಿಕೆ ಬಿಡಿಸಿ ನೋಡಬೇಕು. ಬೇಗ ಕಲಿತಳು. ಕಲಿಯದಿದ್ದರೇ ಚೆನ್ನಾಗಿತ್ತು.

ದಿಂಬಿನ ಕವರುಗಳ ರಾಶಿಯ ಹಿಂದೆ ನಿಂತು ಹೇಳಿದೆ. "ಗುಬ್ಬೀ, ಮೇಷ್ಟ್ರು—"

"ಗೊತ್ತು."

"ಏನು ಗೊತ್ತು?"

"ಒಂದೇ ಚಾಪೆ ಮೇಲೆ ಮಲಗೋರು ನಾವು. ನೀನು ಟೈಪ್ ಮಾಡೋದು ಕಾಣಲ್ವಾ ನಂಗೆ? ಮೊದಲ ದಿನದಿಂದ ಗೊತ್ತು."

"ಮತ್ತೆ ಅಮ್ಮ ಒತ್ತುವಾಗ ತಡೀಬಾರದಿತ್ತಾ?"

ಅವಳು ಕೈಗವಸು ಬಿಚ್ಚಲಿಲ್ಲ, ತಲೆಯೆತ್ತಲಿಲ್ಲ. "ಬೇರೆ ಯಾರೋ ಮೇಷ್ಟ್ರು ಆಗಿದ್ರೆ ತಡೀತಿದ್ದೆ ಅಕ್ಕಾ. ಕಂಪೌಂಡರ್ ಹೇಳಿದ್ದು ಓದಿ ನಂಗೂ ಭಯ ಆಗಿತ್ತು. ನಿಂಗೆ ಎರಡು ಸಲ ಫೋನ್ ಮಾಡಿದೆ. ಆಮೇಲೆ ಅಂದ್ಕೊಂಡೆ — ಬರೆದಿರೋದು ಅಕ್ಕ ಅಲ್ವಾ, ನೋಡದೇ ಬರೀತಾಳಾ ಅಂತ."

ಡ್ರಮ್ಮು ತಿರುಗುತ್ತಲೇ ಇತ್ತು.

ಅದೇ ದಿನ, ಸಂಜೆ 4

ಅಮ್ಮ ಫೋನು ತಂದು ನನ್ನ ಕೈಗಿಟ್ಟಳು. "ನಂಗೆ ಟೈಪ್ ಬರಲ್ಲ. ನಾನು ಹೇಳ್ತೀನಿ, ನೀನು ಒತ್ತು. ಮೇಷ್ಟ್ರಿಗೆ."

ಹೇಳಿದಳು. ಒತ್ತಿದೆ. "ಪೂಜ್ಯ ಮೇಷ್ಟ್ರಿಗೆ ನಮಸ್ಕಾರ. ನಾನು ಬಟ್ಟೆ ಹೊಲಿಯುವವಳು. ನಿಮ್ಮ ಎಲ್ಲ ಮಾತು ಓದಿದ್ದೇನೆ. ನಿಮ್ಮನ್ನು ದೂರುತ್ತಿಲ್ಲ. ಒಂದು ಕಾಗದ ಬರೆದುಕೊಡಿ. ನನ್ನ ಚಿಕ್ಕ ಮಗಳು ಒಳ್ಳೆಯವಳು. ದೊಡ್ಡವಳನ್ನು ಓದಿಸಲು ಆಗಲಿಲ್ಲ. ಅವಳಿಗೂ ತಲೆ ಚೆನ್ನಾಗಿತ್ತು..."

"ಅದು ಬೇಡಮ್ಮಾ."

"ಇರಲಿ ಹಾಕು. ನಿಜ ತಾನೇ?"

ಹಾಕಿದೆ. ಕಳಿಸಿದೆ. ನನ್ನ ಜೇಬಿನಲ್ಲಿ ನನ್ನ ಫೋನು ಒಮ್ಮೆ ನಡುಗಿತು. ಅಮ್ಮ ನೋಡಲಿಲ್ಲ.

ಜೂನ್ 28, ಶುಕ್ರವಾರ. ಮಧ್ಯಾಹ್ನ 3.15

ಕಚೇರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಐದಕ್ಕೆ ಕಿಟಕಿ ಮುಚ್ಚುತ್ತದೆ.

ಎರಡು ಹಾಳೆ ಬರೆದಿದ್ದೇನೆ. ಒಂದು ಮೇಷ್ಟ್ರದ್ದು. ಅಕ್ಷರ ಓರೆ ಮಾಡಿ, ಹಳಬರ ಹಾಗೆ. ಸಹಿ ಹಾಕಿಯಾಗಿದೆ, ಒಂದು ಹೆಸರು ಹುಟ್ಟಿಸಿದ್ದೇನೆ. ವಿಳಾಸದ ಜಾಗ ಖಾಲಿ. ಯಾರ ಮನೆಯ ನಂಬರು ಬರೆಯಲಿ? ಪರಿಶೀಲನೆಗೆ ಹೋದರೆ ಅಮ್ಮನ ಮೇಲೆಯೇ ಕೇಸು. ಸೀಟೂ ಇಲ್ಲ, ಮಾನವೂ ಇಲ್ಲ. ಪರಿಶೀಲಿಸದಿದ್ದರೆ — ಗುಬ್ಬಿ ಕಾಲೇಜಿಗೆ.

ಇನ್ನೊಂದು ನನ್ನದು. ನನ್ನ ಹೆಸರು, ನನ್ನ ಸಹಿ, ಈ ಮನೆಯ ವಿಳಾಸ. ಪ್ರತಿ ಸಾಲೂ ನಿಜ. ಅದನ್ನು ಕೊಟ್ಟ ಕ್ಷಣವೇ ಮನವಿ ಖಲಾಸ್.

ಇಷ್ಟು ಕಿರುಹೊತ್ತಿಗೆ ಓದಿದ್ದೇನೆ. ಒಂದರಲ್ಲೂ ಇದಕ್ಕೆ ಉತ್ತರವಿಲ್ಲ.

ಅಮ್ಮ ಹೊರಗೆ ಹೋಗುವ ಬಟ್ಟೆ ಉಟ್ಟು ಬೆಳಿಗ್ಗೆಯಿಂದ ಕೂತಿದ್ದಾಳೆ. ಮಷಿನ್ ಮುಟ್ಟಿಲ್ಲ. ಗುಬ್ಬಿ ಇನ್ನೂ ಲಾಂಡ್ರಿಯಲ್ಲೇ. ಬಾ ಅಂದರೆ, "ಶಿಫ್ಟ್ ಮುಗಿಸಿ ಬರ್ತೀನಿ" ಅಂದಳು.

"ಮೇಷ್ಟ್ರ ಕಾಗದ ಬಂತೇನೇ?" — ಬಾಗಿಲಾಚೆಯಿಂದ.

"ಬಂತಮ್ಮಾ" ಅಂದೆ.

ಕುರ್ಚಿ ಸರಿದ ಸದ್ದು. ಬರುತ್ತಿದ್ದಾಳೆ. ಒಂದು ಹಾಳೆ ಹರಿಯಬೇಕು, ಈಗಲೇ, ಅವಳು ಒಳಗೆ ಬರುವಷ್ಟರಲ್ಲಿ. ಯಾವುದನ್ನು—