ಊರಿನ ಹೆಸರಿನ ಚೀಟಿ

ಲಾವೊಂಗೊ, ಸುಲವೇಸಿ
ಆಗಸ್ಟ್ 13, 2023

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಕೆಂಡಾರಿಯ ಆ ಮೂರು ಮಹಡಿ ಹತ್ತಿಳಿಯುವುದನ್ನು ಇನ್ನಾದರೂ ಕಡಿಮೆ ಮಾಡು. ಅಮ್ಮ ಚೆನ್ನಾಗಿದ್ದಾಳೆ, ಸಾಗುಮರದ ಹಿಟ್ಟಿನ ಗಂಜಿ ಬಿಟ್ಟು ಬೇರೇನೂ ಬೇಡವೆನ್ನುವ ಹಟ ಮಾತ್ರ ಹಾಗೇ ಇದೆ.

ನಿಕಲ್ ಗಣಿಯ ಸಮವಸ್ತ್ರದ ಕೆಲಸ ನಮಗೆ ಸಿಗಲಿಲ್ಲ. "ಬೇಕಾದ್ದನ್ನೆಲ್ಲ ಊರಿನವ್ರ ಹತ್ರಾನೇ ಕೊಳ್ತೀವಿ" ಎಂದು ಗಣಿಯವರು ಊರ ಸಭೆಯಲ್ಲಿ ಹೇಳಿ ಎರಡು ವರ್ಷವಾಯಿತು. ಅದನ್ನು ನಂಬಿ ನಾವು ಒಂಬತ್ತು ಹೆಂಗಸರು ಹೊಲಿಗೆ ಸಂಘ ಕಟ್ಟಿದೆವು. ನೋಂದಣಿ ಪತ್ರ ಕೇಳಿದರು, ತಂದೆವು. ತೆರಿಗೆ ಸಂಖ್ಯೆ ಕೇಳಿದರು, ಅದಕ್ಕೇ ನಾಲ್ಕು ಸಲ ದೋಣಿ ಹತ್ತಿದೆ. ದಪ್ಪ ಬಟ್ಟೆಗೆ ಕಾಲುಮಿಷನ್ ಆಗದು ಎಂದರು. ಪಕ್ಕದ ಮನೆಯ ವಾ ಇಮು ಎರಡು ಹಸು ಮಾರಿ ಕರೆಂಟಿನ ಮಿಷನ್ ತಂದಳು. ಮಾದರಿಗೆಂದು ಹೊಲಿದ ಅಂಗಿಯ ತೋಳು ಜಗ್ಗಿ ನೋಡಿದ ಖರೀದಿ ಅಧಿಕಾರಿ, "ಈಗ ಬರ್ತಿರೋದಕ್ಕಿಂತ ಇದೇ ಗಟ್ಟಿ" ಎಂದಿದ್ದ. ಆ ವಾರವೆಲ್ಲ ನಮ್ಮ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೋದ ತಿಂಗಳು ಅವನೇ ಕರೆಸಿ, ಇದೇ ಊರಿನ ಇನ್ನೊಂದು ಸಂಸ್ಥೆಗೆ ಐದು ವರ್ಷಕ್ಕೆ ಕೆಲಸ ಕೊಟ್ಟಾಯಿತು ಎಂದ. ಈ ಊರಿನಲ್ಲಿ ಹೊಲಿಗೆ ಬಲ್ಲವರೆಂದರೆ ನಾವೇ. "ಯಾರಪ್ಪಾ ಅದು, ನಮ್ ಕಣ್ಣಿಗೆ ಕಾಣದ ದರ್ಜಿ?" ಎಂದು ವಾ ಇಮು ಕೇಳಿದರೆ, "ಕಾಗದ ಸರಿಯಾಗಿದೆ ಕಣಮ್ಮ, ವಿಳಾಸ ನಿಮ್ಮೂರಿಂದೇ" ಎಂದು ಫೈಲು ಮುಚ್ಚಿದ. ವಾರದೊಳಗೆ ಜಾವಾದಿಂದ ಹಡಗಿನಲ್ಲಿ ಅಂಗಿಯ ಮೂಟೆಗಳು ಇಳಿದವು. ಎಲ್ಲ ಹೊಲಿದೇ ಬಂದಿದ್ದವು. ಕಾಲರಿನ ಹಳೆಯ ಚೀಟಿ ಬಿಚ್ಚಿ, 'ಲಾವೊಂಗೊದಲ್ಲಿ ತಯಾರಾದದ್ದು' ಎಂಬ ಹೊಸ ಚೀಟಿ ಹೊಲಿಯಲು ನಮ್ಮನ್ನು ಕೂಲಿಗೆ ಕರೆದರು. ನಮ್ಮಲ್ಲಿ ಐವರು ಹೋದರು. ಬೈಯಲು ನನಗೆ ಬಾಯಿ ಬರಲಿಲ್ಲ. ಅವರ ಮನೆ ನಡೆಯಬೇಕಲ್ಲ. ವಾ ಇಮು ಹೋಗಲಿಲ್ಲ. ಹೊಸ ಮಿಷನ್ನಿಗೆ ಹಳೇ ಲುಂಗಿ ಹೊದಿಸಿ, "ಇದ್ರ ಮುಖ ನೋಡಕ್ಕಾಗಲ್ಲ ಕಣೇ" ಎಂದು ಗೋಡೆಯ ಕಡೆ ತಿರುಗಿ ಕೂತಳು. ನಾನು ಜಿಲ್ಲಾ ಕಚೇರಿಗೆ ಹೋಗಿ ದೂರು ಕೊಟ್ಟು ಬಂದೆ. ಬರುವ ಶುಕ್ರವಾರ ವಿಚಾರಣೆ.

ಮಕ್ಕಳಿಗೆ ನನ್ನ ಮುತ್ತು. ದೇವರು ನಿನ್ನನ್ನು ನೆಮ್ಮದಿಯಾಗಿ ಇಟ್ಟಿರಲಿ.

ನಿನ್ನ ತಂಗಿ,
ಸುಹರ್ತಿ

ತಾ.ಕ.: ದೋಣಿಯವನು ಕೂಗುತ್ತಿದ್ದಾನೆ, ಆದರೂ ಇದನ್ನು ಬರೆಯದೆ ಕಳಿಸಲಾರೆ. ಜಿಲ್ಲಾ ಕಚೇರಿಯಲ್ಲಿ ಆ ಸಂಸ್ಥೆಯ ಕಾಗದ ತೋರಿಸಿದರು. ವಿಳಾಸ ಅಪ್ಪನ ಮನೆಯದು. ನಡೆಸುವವನು ಭಾವ. ಒಡತಿ ಎಂದು ಹಾಕಿರುವ ಸಹಿ ನಿನ್ನದು. ಅಮ್ಮನಿಗೆ ಇನ್ನೂ ಹೇಳಿಲ್ಲ. ಓದದೆ ಸಹಿ ಹಾಕಿದ್ದರೆ ಗುರುವಾರದ ದೋಣಿಗೆ ಬಾ, ಅದನ್ನೇ ವಿಚಾರಣೆಯಲ್ಲಿ ಹೇಳು. ಓದಿಯೇ ಹಾಕಿದ್ದರೆ ಬರಬೇಡ ಅಕ್ಕಾ. ನಿನ್ನೆದುರಿಗೆ ನಿನ್ನ ಹೆಸರು ಹೇಳುವ ಶಕ್ತಿ ನನಗಿಲ್ಲ. ಆದರೆ ಹೇಳುತ್ತೇನೆ.